ಹೌದ್ರಿ ಅಂದರೆ ಒಪ್ಪಿಗೆಯೇ?

“ಬಾವಿ ಮುಚ್ಚಿ ಅಲ್ಲಿ ಸಮುದಾಯ ಭವನ ಕಟ್ಟೋಣವೇ?” ಎಂದು ನಾನು ಕೇಳಿದ್ದೇ ತಡ, ನಿಂಬರ್ಗಾದ ಸಭೆಯಲ್ಲಿ ಎಲ್ಲರೂ “ಹೌದ್ರಿ” ಎಂದರು. ಎಂಬತ್ತರ ದಶಕದಲ್ಲಿ ಗ್ರಾಮ ಸುಧಾರಣೆಯ ಯೋಜನೆಯೊಂದರಲ್ಲಿ ನಾನಿದ್ದೆ. ಇಷ್ಟು ಬೇಗ ಒಪ್ಪಿದ್ದು ಅನುಮಾನ ತಂದಿತು. ಊರ ಗೌಡರು ಹೇಳಿಕೊಟ್ಟಿರಬೇಕು ಎಂದುಕೊಂಡೆ. ಸಭೆ ಮುಗಿದ ಮೇಲೆ, ಅದೇ ಬಾವಿಯ ನೀರು ಕುಡಿಯುವ ಮುದುಕಿಯೊಬ್ಬಳನ್ನು ಕೇಳಿದೆ: “ನೀನೂ ಹೌದ್ರಿ ಅಂದ್ಯಲ್ಲವ್ವ, ನಾಳೆ ನೀರಿಗೇನ್ ಮಾಡ್ತಿ?”

“ಹೌದ್ರಿ ಅಂದ್ರ ನೀವ್ ಹೇಳೂದು ಕೇಳಾಕತ್ತೇವಿ ಅಂತ, ಸಾಹೇಬ್ರ. ಒಪ್ಪೇವಿ ಅಂತ ಯಾರಂದಾರ? ಮುಚ್ಚಾಕ ಬರ್ರಿ, ಗೊತ್ತಾಗ್ತದ.”

ನಾವು ಹೋಗಲಿಲ್ಲ, ಬಾವಿ ಉಳಿಯಿತು. ಆಕೆ ನಕ್ಕು ಹೇಳಿದಳೋ ಸಿಟ್ಟಿನಿಂದಲೋ, ಈಗ ಖಚಿತವಿಲ್ಲ. ಅದಕ್ಕೂ ಮೊದಲು ಜೇವರ್ಗಿ, ಅಫಜಲಪುರ ಕಡೆಯ ಇಂಥದೇ ಸಭೆಗಳಲ್ಲಿ “ಹೌದ್ರಿ” ಎಂದಿದ್ದ ಜನ ಒಪ್ಪಿದ್ದರೋ, ಬರೀ ಕೇಳಿಸಿಕೊಂಡಿದ್ದರೋ ಎಂದು ಇಂದಿಗೂ ನೆನಪು ಕೆದಕುತ್ತೇನೆ. ಅಲ್ಲಿ ಭವನಗಳು ಎದ್ದು ನಿಂತಿವೆ.