ಯಾರೂ ಕಾಲಿಡಬಾರದ ಕಾಡು

ನನ್ನ ಗಂಡ ನಕಾಶೆ ಬರೆಯುವವರು. ಅಲಿಪುರದ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಕೆಲಸ. ಮದುವೆಯಾಗಿ ಮಂಗಳೂರಿನಿಂದ ಕಲ್ಕತ್ತೆಗೆ ಬಂದಾಗ, ಇದು ಮೇಜಿನ ಮುಂದೆ ಕೂತು ಮಾಡುವ ಕೆಲಸ ಎಂದುಕೊಂಡು ನಾನು ನಿಶ್ಚಿಂತಳಾಗಿದ್ದೆ. ಬಂದ ತಿಂಗಳಲ್ಲೇ ಅವರು ಟೂರ್ ಹೊರಟರು. ಕಾಡುಗಳ ಗಡಿ ಎಲ್ಲಿಂದ ಎಲ್ಲಿಯವರೆಗೆ ಎಂದು ಹೋಗಿ, ನೋಡಿ, ಬಂದು ಬರೆಯಬೇಕಿತ್ತಂತೆ.

ಬಾಲಿಗಂಜಿನಲ್ಲಿ ನಮ್ಮದು ಮಹಡಿಯ ಮೇಲಿನ ಬಾಡಿಗೆ ಮನೆ. ಕೆಳಗೆ ಮನೆಯೊಡತಿ ಒಬ್ಬರೇ ಇದ್ದರು. ಗಂಡ ತೀರಿಹೋಗಿದ್ದ ಆ ಹೆಂಗಸನ್ನು ನಾನು ಮಾಸಿಮಾ ಎಂದು ಕರೆಯುತ್ತಿದ್ದೆ. ಟೂರಿನ ದಿನಗಳಲ್ಲಿ ನನಗೆ ಮಾತಿಗೆ ಸಿಗುತ್ತಿದ್ದವರು ಅವರೊಬ್ಬರೇ.

ಕಾಡುಗಳಲ್ಲೂ ಜಾತಿಗಳಿವೆ ಎಂದು ನಾನು ಕಲಿತದ್ದು ಊಟದ ಹೊತ್ತಿಗೆ ನನ್ನ ಗಂಡ ಹೇಳುತ್ತಿದ್ದ ಮಾತಿನಿಂದ. ಪಶ್ಚಿಮದ ಜಿಲ್ಲೆಗಳ ಸಾಲ್ ಮರಗಳ ಕಾಡು ರಕ್ಷಿತ ಅರಣ್ಯ. ಬೇಡ ಎಂದದ್ದೊಂದನ್ನು ಬಿಟ್ಟು ಅಲ್ಲಿ ಜನ ಉಳಿದದ್ದೆಲ್ಲ ಮಾಡಬಹುದು. ಹೆಂಗಸರು ಎಲೆ ಕೊಯ್ಯುತ್ತಾರೆ, ದನ ಮೇಯುತ್ತವೆ. ಮೀಸಲು ಅರಣ್ಯ ಇದಕ್ಕೆ ತಿರುಗುಮುರುಗು. ಅಲ್ಲಿ ಅಪ್ಪಣೆಯಿಲ್ಲದೆ ಒಂದು ಕಡ್ಡಿಯನ್ನೂ ಮುರಿಯುವಂತಿಲ್ಲ. ಉತ್ತರದಲ್ಲಿ ಘೇಂಡಾಮೃಗಗಳಿಗೆಂದು ಬಿಟ್ಟದ್ದು ಅಭಯಾರಣ್ಯ. ಆ ಹೆಸರು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು. ಅಭಯ ಮೃಗಕ್ಕೆ ಸಿಕ್ಕಿತ್ತು, ನನಗಲ್ಲ. ಕಾಡಿಗೆ ರಕ್ಷಣೆ ಹೆಚ್ಚಿದಷ್ಟೂ ನನ್ನ ಗಂಡನ ಸುತ್ತ ಮನುಷ್ಯರು ಕಡಿಮೆಯಾಗುತ್ತಿದ್ದರು. ಅವರು ಸಾಲ್ ಮರದ ಕಾಡಿಗೆ ಹೋದರೆ ನಿದ್ದೆ ಬರುತ್ತಿತ್ತು. ಉತ್ತರಕ್ಕೆ ಹೋದರೆ ಅರ್ಧ ನಿದ್ದೆ.

ಆಮೇಲೆ ಹುಲಿ ಯೋಜನೆ ಬಂತು. ಸುಂದರಬನ ಮೊದಲೂ ಮೀಸಲು ಅರಣ್ಯವೇ, ಆದರೆ ಪಾಸ್ ಇದ್ದವರು ಸೌದೆಗೆ, ಜೇನಿಗೆ ಹೋಗುತ್ತಿದ್ದರು. ಈಗ ಅದರ ನಡುವಿನ ಭಾಗವನ್ನು ಕೋರ್ ಏರಿಯಾ ಎಂದರು, ಸುತ್ತಲಿನದ್ದು ಬಫರ್. ಬಫರಿಗೆ ಪಾಸ್ ಉಂಟು. ಕೋರಿಗೆ ಯಾರಿಗೂ ಇಲ್ಲ. ಆ ಗೆರೆ ನಕಾಶೆಯಲ್ಲಿ ಸರಿಯಾಗಿ ಬಂದಿದೆಯೇ ಎಂದು ನೋಡಲು ಒಂದು ಚೈತ್ರದಲ್ಲಿ ಇವರನ್ನು ಕಳಿಸಿದರು.

"ಅಲ್ಲಿ ಯಾರೂ ಕಾಲಿಡುವ ಹಾಗಿಲ್ಲ ಮಾರಾಯ್ತಿ. ನಾವೂ ಲಾಂಚಿನಿಂದ ಇಳಿಯುವುದಿಲ್ಲ. ನೀನು ಎಂತಕ್ಕೆ ಹೆದರುವುದು?" ಎಂದರು.

"ಯಾರೂ ಇಲ್ಲದ ಕಡೆ ಕೂಗಿದರೆ ಯಾರು ಬರ್ತಾರೆ?" ಎಂದು ಕೇಳಿದೆ. ಅವರು ನಕ್ಕು ಚೀಲ ಹೆಗಲಿಗೇರಿಸಿದರು.

ಶನಿವಾರ ಬರಬೇಕಿದ್ದವರು ಬರಲಿಲ್ಲ. ಭಾನುವಾರವಿಡೀ ಬಾಲ್ಕನಿಯಲ್ಲಿ ನಿಂತೆ. ರಿಕ್ಷಾದ ಗಂಟೆ ಕೇಳಿದರೆ ಬಗ್ಗಿ ನೋಡುವುದು, ಒಳಗೆ ಹೋಗಿ ಒಲೆ ಆರಿಸುವುದು, ಮತ್ತೆ ಹಚ್ಚುವುದು. ಸೋಮವಾರ ಟ್ರ್ಯಾಮ್ ಹಿಡಿದು ಅವರ ಕಚೇರಿಗೆ ಹೋದೆ. ಅಲ್ಲಿಯವರು ಕುರ್ಚಿ ಕೊಟ್ಟರು, ಚಹಾ ತರಿಸಿದರು. ಉಬ್ಬರವಿಳಿತದ ಊರು, ಒಂದೆರಡು ದಿನ ಹೆಚ್ಚುಕಮ್ಮಿ ಆಗುತ್ತದೆ ಎಂದು ಸಮಾಧಾನ ಹೇಳಿದರು. ಅಷ್ಟೊಂದು ಮರ್ಯಾದೆ ಕಂಡು ನನ್ನ ಹೆದರಿಕೆ ಇಮ್ಮಡಿಯಾಯಿತು.

ಮನೆಗೆ ಬಂದು ಮೆಟ್ಟಿಲ ಮೇಲೆ ಕುಸಿದು ಕೂತಾಗ ಮಾಸಿಮಾ ನನ್ನನ್ನು ನೋಡಿದರು. ಒಳಗೆ ಹೋಗಿ ಸೀರೆ ಬದಲಾಯಿಸಿ, ಮಂಡಕ್ಕಿಯ ಪೊಟ್ಟಣ ಕಟ್ಟಿಕೊಂಡು, ನಡಿ ಕ್ಯಾನಿಂಗಿಗೆ ಎಂದರು. ಲಾಂಚು ಬಂದು ನಿಲ್ಲುವ ಘಾಟ್ ಅಲ್ಲೇ. ಬಾಲಿಗಂಜ್ ಸ್ಟೇಷನ್ನಿನಿಂದ ಲೋಕಲ್ ಹತ್ತಿದೆವು. ಇಡೀ ದಾರಿ ಅವರು ನನ್ನ ಮಣಿಕಟ್ಟು ಹಿಡಿದುಕೊಂಡೇ ಇದ್ದರು.

ಘಾಟಿನ ಕಚೇರಿಯಲ್ಲಿ ಕೇಳಿದೆವು. ಲಾಂಚು ಬಂದಿಲ್ಲ, ಹುಡುಕಲು ಇನ್ನೊಂದು ಹೋಗಿದೆ ಎಂದರು. ಹುಡುಕಲು ಎಂಬ ಮಾತು ಕೇಳಿ ಹೊರಗೆ ಬಂದೆ. ಚಹಾದಂಗಡಿಯ ಬೆಂಚಿನ ಮೇಲೆ ಕೂತೆ. ಎದುರಿಗೆ ಮಾತ್ಲಾ ನದಿಯ ಕೆಸರು ಬಿಸಿಲಿಗೆ ಹೊಳೆಯುತ್ತಿತ್ತು.

ಸ್ವಲ್ಪ ದೂರದಲ್ಲಿ ನೆಲದ ಮೇಲೆ ಒಬ್ಬ ಹೆಂಗಸು ಕೂತಿದ್ದಳು, ನನ್ನದೇ ವಯಸ್ಸಿರಬಹುದು. ನಾವು ಕಚೇರಿಗೆ ಹೋದದ್ದನ್ನೂ ಹೊರಗೆ ಬಂದದ್ದನ್ನೂ ಅವಳು ನೋಡುತ್ತಿದ್ದಳು. ಮಾಸಿಮಾ ಮಂಡಕ್ಕಿ ಕೊಟ್ಟು ಮಾತಿಗೆಳೆದರು. ಅವಳು ದನಿ ತಗ್ಗಿಸಿ ಹೇಳಿದಳು. ಅವಳ ಗಂಡ, ಮೈದುನ, ನೆರೆಮನೆಯವ, ಮೂವರೂ ಜೇನಿಗೆ ಹೋಗಿದ್ದರು. ಮಾವನ ಕಾಲದಿಂದ ಹೋಗುತ್ತಿದ್ದ ಜಾಗ ಈಗ ಕೋರ್ ಆಗಿತ್ತು, ಪಾಸ್ ಇಲ್ಲ. ಬರುವ ದಿನ ದಾಟಿತ್ತು.

ನನ್ನ ಕಡೆ ತಿರುಗಿ ಅವಳು ಅಂದಳು, "ನೀವು ಒಳಗೆ ಹೋಗಿ ಕೇಳ್ತೀರಿ ದೀದಿ. ನಾನು ಯಾರನ್ನು ಕೇಳಲಿ? ಕೇಳಿದರೆ ಹಿಡಿಸಿಕೊಟ್ಟ ಹಾಗೆ."

ನಿಮ್ಮವರು ಬಂದರೆ ಒಂದು ದೋಣಿ ಕಂಡಿತೇ ಎಂದು ಕೇಳಿ ಎಂದಳು. ಹಾಯಿಗೆ ಅವಳ ಹಸಿರು ಸೀರೆಯ ತೇಪೆ ಹಾಕಿದೆಯಂತೆ.

ಹೊತ್ತು ಇಳಿಯುವಾಗ ನೀರು ಏರಿತು. ಒಂದು ಲಾಂಚು ಇನ್ನೊಂದನ್ನು ಹಗ್ಗ ಕಟ್ಟಿ ಎಳೆದು ತರುವುದು ಕಂಡಿತು. ಹಿಂದಿನದರ ಮೇಲೆ ನಿಂತವರ ಮುಖ ತಿಳಿಯುವವರೆಗೂ ನಾನು ಉಸಿರು ಬಿಟ್ಟೆನೋ ಇಲ್ಲವೋ. ಇವರು ಇಳಿದರು. ತುಟಿ ಒಡೆದಿತ್ತು, ಕಣ್ಣು ಒಳಗೆ ಹೋಗಿತ್ತು, ಅಂಗಿ ಕೆಸರಿನಿಂದ ಗಟ್ಟಿಯಾಗಿತ್ತು. ಜೊತೆಯಲ್ಲಿ ಅದೇ ಲಾಂಚಿನಲ್ಲಿ ಹೋಗಿದ್ದ ಕಚೇರಿಯ ಹಿರಿಯ ಅಧಿಕಾರಿ, ಅರಣ್ಯದ ಕಾವಲಿನವರು, ಘಾಟಿನ ಗುಮಾಸ್ತ. ಎಲ್ಲರೂ ಸುತ್ತ ನಿಂತಿದ್ದರು. ನನ್ನನ್ನು ನೋಡಿ ಇವರು, "ನೀನು ಇಲ್ಲಿಗೆ ಎಂತಕ್ಕೆ ಬಂದದ್ದು?" ಎಂದರು, ಅಷ್ಟೇ.

ಆ ಹೆಂಗಸು ಬೆಂಚಿನ ಹಿಂದೆ ಬಂದು ನಿಂತಿದ್ದಳು. ಅಲ್ಲಿದ್ದ ಯಾರಿಗೂ ಕನ್ನಡ ಬರುವುದಿಲ್ಲ ಎಂದು ನನಗೆ ಥಟ್ಟನೆ ಹೊಳೆಯಿತು. ಮನೆಯ ಸುದ್ದಿ ಕೇಳುವವಳ ಹಾಗೆ ಮುಖ ಮಾಡಿಕೊಂಡು ಕೇಳಿದೆ: "ಒಳಗೆ ದೋಣಿ ಕಂಡಿರಾ? ಹಸಿರು ತೇಪೆ ಹಾಕಿದ ಹಾಯಿ?"

ಅವರ ಮುಖದ ಬಣ್ಣವೇ ಹೋಯಿತು. ಅಧಿಕಾರಿಯತ್ತ ಒಮ್ಮೆ ನೋಡಿ, ನೀರು ಕುಡಿಯುವ ನೆಪ ಮಾಡಿ, ಮೆಲ್ಲಗೆ ಹೇಳಿದರು: "ಉಂಟು. ಅವರಿಂದಲೇ ನಾವು ಬದುಕಿದ್ದು. ಇಬ್ಬರು ದೋಣಿಯಲ್ಲಿದ್ದರು, ಒಬ್ಬ ಕಾಡಿನೊಳಗಿನಿಂದ ಕೂಗಿ ಮಾತಾಡುತ್ತಿದ್ದ. ಮೂವರೂ ಸರಿ ಇದ್ದಾರೆ. ಇನ್ನು ಕೇಳಬೇಡ."

ನಾನು ಬೆಂಚಿನ ಬಳಿ ಹೋಗಿ ನನ್ನ ಹರಕುಮುರುಕು ಬಂಗಾಳಿಯಲ್ಲಿ, ಮೂವರೂ ಚೆನ್ನಾಗಿದ್ದಾರೆ ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು, ನಂಬಲೋ ಬೇಡವೋ ಎಂಬಂತೆ. ಕಾಡಿನೊಳಗಿನಿಂದ ಒಬ್ಬರು ಕೂಗುತ್ತಿದ್ದರಂತೆ ಎಂದಾಗ, ಅದು ನನ್ನ ಗಂಡ, ಅವನಿಗೆ ಸುಮ್ಮನಿರಲು ಬರುವುದಿಲ್ಲ ಎಂದಳು. ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು.

ಮನೆಗೆ ಬಂದು ಮಲಗಿ ಎದ್ದ ಮೇಲೆ ಇವರು ಪೂರ್ತಿ ಹೇಳಿದರು. ಕೋರಿನೊಳಗೆ, ಗೆರೆ ದಾಟಿ ಸ್ವಲ್ಪ ದೂರದಲ್ಲಿ, ಒಂದು ಕಿರುಹೊಳೆಯಲ್ಲಿ ಇಂಜಿನ್ ಕೆಟ್ಟಿತು. ನೀರಿಳಿದು ಲಾಂಚು ಕೆಸರಿನಲ್ಲಿ ಒರಗಿತು. ದಂಡೆಯ ಮೇಲೆ ಹುಲಿಯ ಹೆಜ್ಜೆ ಹಸಿಯಾಗಿತ್ತು. ಕುಡಿಯುವ ನೀರು ಮುಗಿಯಿತು, ಸುತ್ತ ಉಪ್ಪುನೀರು. ಪೊದೆಯ ಮರೆಯಲ್ಲಿ ಅಡಗಿದ್ದ ಆ ದೋಣಿಯವರು ಎರಡು ಸಲ ನೀರು ಇಳಿಯುವವರೆಗೂ ನೋಡುತ್ತಲೇ ಇದ್ದರಂತೆ. ಸರ್ಕಾರದ ಲಾಂಚು, ಎದುರಿಗೆ ಬಂದರೆ ಸಿಕ್ಕಿಬೀಳುತ್ತಾರೆ. ಕೊನೆಗೆ ತಾವಾಗಿಯೇ ಬಂದು ತಮ್ಮ ಕೊಡದಲ್ಲಿದ್ದ ಸಿಹಿನೀರು ಕೊಟ್ಟರು. ಲಾಂಚಿನ ಒಬ್ಬ ಖಲಾಸಿಯನ್ನು ದೋಣಿಯಲ್ಲಿ ಕೂರಿಸಿಕೊಂಡು ಬಫರಿನ ಕಾವಲು ಠಾಣೆಯ ಹತ್ತಿರ ಇಳಿಸಿ, ಕಾಡಿನಲ್ಲೇ ಉಳಿದಿದ್ದ ಮೂರನೆಯವನನ್ನು ಕರೆತರಲು ಮತ್ತೆ ಒಳಗೆ ಹೋದರು.

ವಿಚಾರಣೆಯಾಯಿತು. ಖಲಾಸಿಯನ್ನು ಕರೆತಂದ ದೋಣಿ ಎಲ್ಲಿ ಸಿಕ್ಕಿತು ಎಂದು ಕೇಳಿದರು. ಹಿರಿಯ ಅಧಿಕಾರಿ ಬಫರಿನಲ್ಲಿ ಎಂದರು. ಖಲಾಸಿಯೂ ಹಾಗೇ ಅಂದ. ಗೆರೆ ಎಲ್ಲಿದೆಯೆಂದು ಎಲ್ಲರಿಗಿಂತ ಚೆನ್ನಾಗಿ ತಿಳಿದವರು ಇವರು; ಇವರೂ ಬಫರಿನಲ್ಲಿ ಎಂದರು. ಆ ಮಾತು ಯಾವಾಗ ಬಯಲಾಗುತ್ತದೋ, ಕೆಲಸ ಯಾವಾಗ ಹೋಗುತ್ತದೋ ಎಂಬ ಭಯ ಮಳೆಗಾಲದವರೆಗೂ ನಮ್ಮನೆಯಲ್ಲಿತ್ತು. ಅಂಚೆಯವ ಮೆಟ್ಟಿಲು ಹತ್ತಿದರೆ ಇಬ್ಬರೂ ಮಾತು ನಿಲ್ಲಿಸುತ್ತಿದ್ದೆವು. ಏನೂ ಬರಲಿಲ್ಲ.

ಆ ಮೂವರು ಮನೆ ಸೇರಿದರೆಂದು ಖಲಾಸಿಯಿಂದ ತಿಳಿಯಿತು. ಹೊರಗೆ ಬರುವಾಗ ಬೇರೊಂದು ಗಸ್ತಿನವರು ಹಿಡಿದು ಜೇನನ್ನೆಲ್ಲ ಕಿತ್ತುಕೊಂಡಿದ್ದರಂತೆ. ಲಾಂಚಿನವರಿಗಾಗಿ ಬಫರಿಗೆ ಹೋಗಿ ಬಂದು ತಡವಾಗದಿದ್ದರೆ ಅವರು ತಪ್ಪಿಸಿಕೊಳ್ಳುತ್ತಿದ್ದರೋ ಏನೋ. ಅದನ್ನು ಕೇಳಿದ ದಿನ ಇವರು ಊಟ ಬಿಟ್ಟು ಎದ್ದರು.

ಮುಂದಿನ ಚೈತ್ರದಲ್ಲಿ ಮತ್ತೆ ಅದೇ ಕಾಡಿಗೆ ಟೂರ್ ಬಂತು. ಬೇಡ ಎಂದು ನಾನು ಹೇಳಲಿಲ್ಲ. ಹೇಳಿದರೂ ಅವರು ನಿಲ್ಲುವವರಲ್ಲ. ಲೋಕಲ್‌ನಲ್ಲಿ ಕ್ಯಾನಿಂಗಿನವರೆಗೆ ಜೊತೆಗೆ ಹೋಗಿ, ಲಾಂಚು ತಿರುವಿನಲ್ಲಿ ಮರೆಯಾಗುವವರೆಗೆ ನಿಂತು, ಮಧ್ಯಾಹ್ನದ ಗಾಡಿಗೆ ಒಬ್ಬಳೇ ವಾಪಸು ಬಂದೆ.