ಸುತ್ತಬೇಕಾದ ಅರಮನೆ

ಮೇಷ್ಟ್ರ ಅಂಗಾಲುಗಳು ನೀಲಿಯಾಗಿದ್ದವು. ನಾಟಕದ ಪರದೆಯನ್ನು ನೆಲಕ್ಕೆ ಹಾಸಿ, ಬಿದಿರು ಕೋಲಿನ ತುದಿಗೆ ಬ್ರಷ್ ಕಟ್ಟಿ, ಬರಿಗಾಲಲ್ಲಿ ಅದರ ಮೇಲೆಯೇ ನಡೆಯುತ್ತ ಆಕಾಶ ಬರೆಯುತ್ತಿದ್ದರು. ನೀಲಿ ಎಂದೆನಲ್ಲ, ಹಸಿರೂ ಇದ್ದಿರಬಹುದು. ನೆನಪು ತನಗೆ ಬೇಕಾದ ಬಣ್ಣ ಬಳಿದುಕೊಳ್ಳುತ್ತದೆ. ನಾನದನ್ನು ಪೂರ್ತಿ ನಂಬುವುದಿಲ್ಲ.

ಮದ್ದೂರಿನಲ್ಲಿ ಅವರ ಶೆಡ್ಡು. ಸುತ್ತಲಿನ ನಾಟಕದವರಿಗೆಲ್ಲ ಅವರು ಪರದೆ ಮೇಷ್ಟ್ರು. ಚಿತ್ರಕಲೆ ಓದಿಯೂ ಒಂದು ಚಿತ್ರವನ್ನೂ ಮುಗಿಸಲಾರದೆ ಕೂತಿದ್ದ ನಾನು ಕೆಲಸ ಕಲಿಯಲು ಅವರಲ್ಲಿಗೆ ಹೋದೆ.

ದುದ್ದದ ಕಡೆಯ ತಂಡವೊಂದಕ್ಕೆ ಅರಮನೆಯ ಪರದೆ ಬರೆಯುವುದನ್ನು ನನಗೇ ಬಿಟ್ಟರು. ಅವರು ಮಳವಳ್ಳಿಗೆ ಹೋಗಿದ್ದ ಎರಡು ದಿನವೂ ಕಂಬಗಳನ್ನೇ ತಿದ್ದಿದೆ. ನೆರಳು ಸರಿಯಿಲ್ಲವೆಂದು ಒಂದು ಸಲ, ಹೊಳಪು ಸಾಲದೆಂದು ಇನ್ನೊಂದು ಸಲ. ಬಣ್ಣ ರೊಟ್ಟಿಯಷ್ಟು ದಪ್ಪವಾಯಿತು. ನಾಟಕದ ಬೆಳಿಗ್ಗೆ ಮೇಷ್ಟ್ರು ಮರಳಿದರು, ಹಿಂದೆಯೇ ಟೆಂಪೊ ಬಂತು. ಪರದೆಯನ್ನು ಬಿದಿರಿಗೆ ಸುತ್ತಿದರೆ ಒಳಗೆ ಹಪ್ಪಳ ಮುರಿದಂತೆ ಸದ್ದು. ಬಿಚ್ಚಿದಾಗ ಕಂಬಗಳ ತುಂಬ ಬಿರುಕು.

"ಪರದೆ ಅಂದ್ರೆ ಸುತ್ತೋದು ಕಣಮ್ಮ. ಗ್ವಾಡೆ ಬಳ್ದಂಗೆ ಬಳ್ದಿದ್ದೀಯಲ್ಲ," ಎಂದರು.

"ಇದು ಬೇಡ ಮೇಷ್ಟ್ರೇ, ಹಳೇದನ್ನೇ ಕಳ್ಸಿ."

"ಇದೇ ಓಯ್ತದೆ. ಜೊತೇಲಿ ನೀನೂ ಓಗು. ಕೊನೇ ಸಾಲಲ್ಲಿ ಕೂತ್ಕೊ."

ಮಂಡ್ಯದಲ್ಲಿ ಹಗಲು ನಾಟಕ. ಕೊನೆಯ ಸಾಲಿನಿಂದ ನಾನು ಬಿರುಕುಗಳನ್ನೇ ನೋಡುತ್ತಿದ್ದೆ. ದುರ್ಯೋಧನ ಬಂದ, ಪಕ್ಕದ ಹೆಂಗಸು ಮಡಿಲ ಕಡಲೆಕಾಯಿ ಮರೆತು ನೆಟ್ಟಗೆ ಕೂತಳು. ತಡೆಯಲಾರದೆ ಅವಳನ್ನು ಕೇಳಿದೆ: "ಕಂಬ ಬಿರುಕು ಬಿಟ್ಟಿದೆ, ಅಲ್ವಾ?"

"ಅವ್ನ ಮನೆ ಬಿರುಕು ಬುಡ್ದೆ ಇನ್ನೇನಾಯ್ತದೆ? ಸುಮ್ಕೆ ನೋಡವ್ವ."

ಇದನ್ನು ಹೇಳಿದಾಗ ಮೇಷ್ಟ್ರು ಕೆಮ್ಮು ಬರುವಷ್ಟು ನಕ್ಕರು. ಅಲ್ಲಿಂದಾಚೆಗೆ ಪರದೆಗಳನ್ನು ಮುಗಿಸಲು ಕಲಿತೆ. ಸ್ವಂತ ಚಿತ್ರಕ್ಕೆ ಮಾತ್ರ ಆ ಪಾಠ ಹತ್ತಲಿಲ್ಲ. ಶೆಡ್ಡು ಬಿಟ್ಟು ಬಂದ ಮೇಲೆ ವಿ.ಸಿ. ಫಾರಂ ಬಳಿಯ ಭತ್ತದ ಬಯಲೊಂದನ್ನು ಬರೆಯತೊಡಗಿದೆ. ಚಿತ್ರ ಎಲ್ಲಿಗೆ ಬಂತೆಂದು ಮೇಷ್ಟ್ರು ಫೋನು ಮಾಡಿ ಕೇಳುವರು. "ಸರಿಯಾದ ಮೇಲೆ ತರ್ತೀನಿ ಮೇಷ್ಟ್ರೇ. ಇನ್ನೊಂದು ವಾರ."

"ಆಗ್ದಿದ್ರೂ ತಕ್ಕೊಂಡು ಬಾ. ನಾನೆಲ್ಲಿ ಸರಿಯಾಗಿವ್ನಿ?"

ಎಷ್ಟು ಸಲ ಇನ್ನೊಂದು ವಾರ ಎಂದೆನೋ. ಕಬ್ಬು ಕಡಿಯುವ ಕಾಲದಲ್ಲಿ ಅವರು ಹೋಗಿಬಿಟ್ಟರು.

ಅವರ ತಿಥಿಗೆ ಆ ಚಿತ್ರವನ್ನು ಹಳೇ ಸೀರೆಯಲ್ಲಿ ಸುತ್ತಿ ಬಸ್ಸಿನಲ್ಲಿ ಒಯ್ದೆ. ಅವರ ಮಗಳು ಅದನ್ನು ಶೆಡ್ಡಿನ ಗೋಡೆಗೆ ಒರಗಿಸಿ ಬಹಳ ಹೊತ್ತು ನೋಡಿದಳು.

"ಅಪ್ಪ ಕೇಳ್ತಾನೇ ಇದ್ರು. ಇದ್ರಲ್ಲಿ ಇನ್ನೇನು ಬಾಕಿ ಇತ್ತಕ್ಕ?"

ಬಾಗಿ ಹುಡುಕಿದೆ. ತೋರಿಸಲು ಒಂದು ಜಾಗವೂ ಸಿಗಲಿಲ್ಲ.