ಮೂರನೆಯ ‘ಬೇಡ’

ನಮ್ಮ ಮನೆಯವರ ಕೈಗೆ ಹೋಳಿಗೆ ತಟ್ಟೆ ಕೊಟ್ಟು ಪಂಕ್ತಿಯಲ್ಲಿ ಬಿಟ್ಟರೆ ಮುಗಿಯಿತು, ಅಲ್ಲಿ ಊಟಕ್ಕೆ ಕೂತವರನ್ನು ದೇವರೇ ಕಾಪಾಡಬೇಕು. ಅಮೆರಿಕದಲ್ಲಿ ನಾವಿರುವ ಫೋರ್ಟ್ ಮಿಲ್‌ನಿಂದ ಷಾರ್ಲೆಟ್‌ವರೆಗಿನ ನಮ್ಮ ಕನ್ನಡದವರಲ್ಲಿ ಇವರ ಕೈಯಿಂದ ತಪ್ಪಿಸಿಕೊಂಡವರು ಯಾರೂ ಇಲ್ಲ. ಶುಗರ್ ಇದೆ ಅಂದವರಿಗೆ ಅರ್ಧ, ಡಯಟ್ ಮಾಡ್ತಿದೀನಿ ಅಂದವರಿಗೆ ಒಂದೂವರೆ. ಇವರ ಶಾಸ್ತ್ರದಲ್ಲಿ ಮೊದಲನೆಯ ‘ಬೇಡ’ ಸಂಕೋಚ, ಎರಡನೆಯದು ಮರ್ಯಾದೆ. ಮೂರನೆಯ ಸಲ ಎರಡೂ ಕೈ ಎಲೆಯ ಮೇಲೆ ಅಡ್ಡ ಇಟ್ಟು, ಬೆನ್ನು ಬಗ್ಗಿಸಿ, ಮೈಯಿಂದಲೇ ಎಲೆ ಮುಚ್ಚಿಕೊಂಡರೆ ಮಾತ್ರ ಅದು ನಿಜವಾದ ‘ಬೇಡ’. ಆಗಲೂ ಬೆರಳ ಸಂದಿಯಲ್ಲಿ ತುಪ್ಪ ಬಿಟ್ಟೇ ಮುಂದೆ ಹೋಗುತ್ತಾರೆ.

ಇವರೊಬ್ಬರನ್ನೇ ಯಾಕೆ ಅನ್ನಲಿ? ಪಕ್ಕದ ರಾಜ್ಯದ ಕಮ್ಮಿಂಗ್‌ನಲ್ಲಿ ಇವರ ಹಾಸ್ಟೆಲ್ ಗೆಳೆಯ ಇದ್ದಾರೆ, ಮೈಸೂರಿನ ಮುಸ್ಲಿಂ ಮನೆತನದವರು. ಗಂಡ ಹೆಂಡತಿ ಇಬ್ಬರೂ ದೇವರಂಥವರು. ಆದರೆ ಈದ್‌ಗೆ ಅವರ ಮನೆಗೆ ಹೋದರೆ ಶೀರ್‌ಖುರ್ಮದ ಬಟ್ಟಲು ಖಾಲಿಯಾಗಲು ಬಿಡುವುದಿಲ್ಲ. ಬಟ್ಟಲಿನ ಮೇಲೆ ಕೈ ಅಡ್ಡ ಹಿಡಿದರೆ ಇನ್ನೊಂದು ಬಟ್ಟಲು ತಂದಿಡುತ್ತಾರೆ. ನಾನು ಷಾರ್ಲೆಟ್‌ನ ಒಂದು ಬ್ಯಾಂಕಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವಳು. ಆಫೀಸಿನಲ್ಲಿ ನಾನು ಒಮ್ಮೆ ‘ನೋ’ ಅಂದರೆ ಇಡೀ ರಿಲೀಸ್ ನಿಂತುಹೋಗುತ್ತದೆ, ದೊಡ್ಡ ದೊಡ್ಡ ಮ್ಯಾನೇಜರುಗಳು ಮುಖ ಸಪ್ಪೆ ಮಾಡಿಕೊಂಡು ಹೋಗುತ್ತಾರೆ. ಮನೆಗೆ ಬಂದರೆ ನನ್ನ ‘ಬೇಡ’ಕ್ಕೆ ಮೂರು ಕಾಸಿನ ಬೆಲೆಯಿಲ್ಲ.

ಇಂಥ ನಾಲ್ಕು ಜನ, ಒಬ್ಬರು ‘ಬೇಡ’ ಅಂದರೆ ಎಲ್ಲರೂ ನಿಲ್ಲಲೇಬೇಕಾದ ಒಂದು ಜಾಗಕ್ಕೆ ಹೋದೆವು.

ಶುರುವಾಗಿದ್ದು ಕೊರೋನಾದಿಂದ. ಮನೆಯೇ ಆಫೀಸು, ಮನೆಯೇ ಹೋಟೆಲು ಆಗಿ, ಒಬ್ಬರ ಮುಖ ಒಬ್ಬರಿಗೆ ಸಾಕಾಗಿಹೋಗಿದ್ದ ಚಳಿಗಾಲದಲ್ಲಿ ಇವರು ನನ್ನನ್ನು ನಾರ್ತ್ ಕೆರೊಲೈನಾದ ಬೆಟ್ಟದ ಕಡೆ ಸ್ಕೀ ಮಾಡಿಸಲು ಎಳೆದುಕೊಂಡು ಹೋದರು. ಅಲ್ಲಿಯ ಹಿಮ ಆಕಾಶದಿಂದ ಬಿದ್ದದ್ದಲ್ಲ, ಯಂತ್ರ ಉಗುಳಿದ್ದು. ಸುತ್ತ ಒಣಗಿದ ಕಂದು ಹುಲ್ಲು, ನಡುವೆ ಒಂದು ಬಿಳಿ ಪಟ್ಟಿ, ಬೆಟ್ಟಕ್ಕೆ ವಿಭೂತಿ ಬಳಿದ ಹಾಗೆ. ಬಿದ್ದು ಎದ್ದು ಇಬ್ಬರೂ ಕಲಿತೆವು. ನಿಜ ಹೇಳಬೇಕೆಂದರೆ ನನಗೂ ಇಷ್ಟವಾಯಿತು, ಆದರೆ ಇವರಿಗೆ ಹುಚ್ಚೇ ಹಿಡಿಯಿತು. ಕಮ್ಮಿಂಗ್ ಗೆಳೆಯನಿಗೂ ಅಂಟಿಸಿದರು, ಗೆಳೆಯ ಹೆಂಡತಿಗೆ ಅಂಟಿಸಿದರು.

ಎರಡು ಚಳಿಗಾಲ ಕಳೆಯುವಷ್ಟರಲ್ಲಿ ಇವರಿಗೆ ಯಂತ್ರದ ಹಿಮ ಸಪ್ಪೆಯಾಯಿತು. ಲಿಫ್ಟ್ ಇಲ್ಲದ, ಕಾವಲುಗಾರರಿಲ್ಲದ, ನಾವೇ ಹತ್ತಿ ನಾವೇ ಇಳಿಯಬೇಕಾದ ಕಾಡುಬೆಟ್ಟ ಬೇಕಂತೆ. ದೂರದ ಪಶ್ಚಿಮದಲ್ಲಿ, ಐಡಾಹೋ ರಾಜ್ಯದ ಒಂದು ಮೂಲೆಯ ಬೆಟ್ಟಸಾಲು. ಅಲ್ಲಿಯ ಒಂದು ಇಳಿಜಾರಿನ ಫೋಟೋ ಇವರ ಫೋನಿನ ವಾಲ್‌ಪೇಪರ್ ಆಯಿತು. ಮೊದಲು ಅಲ್ಲಿ ನನ್ನ ಫೋಟೋ ಇತ್ತು. ಐವತ್ತು ತುಂಬುವುದರೊಳಗೆ ಅದನ್ನು ಇಳಿಯಬೇಕು ಅಂತ ಕೂತಲ್ಲಿ ನಿಂತಲ್ಲಿ ಅದೇ ಜಪ. ಫೋರ್ಟ್ ಮಿಲ್‌ನಲ್ಲಿ ಒಂದಿಂಚು ಹಿಮ ಬೀಳಬಹುದು ಎಂದರೆ ಸಾಕು, ಅಂಗಡಿಯ ಹಾಲು ಬ್ರೆಡ್ಡೆಲ್ಲ ಮಾಯವಾಗಿ ಸ್ಕೂಲಿಗೆ ಬೀಗ ಬೀಳುತ್ತದೆ. ಅಂಥ ಊರಿನಲ್ಲಿ ಕೂತು ಇವರು ಹಿಮಕುಸಿತದ ಪಾಠ ಓದುತ್ತಿದ್ದರು.

ಪಾಠ ಎಂದರೆ ತಮಾಷೆಯಲ್ಲ. ಮೊದಲು ಝೂಮ್‌ನಲ್ಲಿ ಕ್ಲಾಸು, ಆಮೇಲೆ ಪಶ್ಚಿಮದ ಬೆಟ್ಟಕ್ಕೇ ಹೋಗಿ ಕಲಿಯುವುದು. ನಾಲ್ವರೂ ಮಾಡಿದೆವು. ಕಲಿಸಿದಾಕೆ ಬಿಸಿಲಿಗೆ ಕೆಂಪಾದ ಮೂಗಿನ, ನಗದ ಹೆಂಗಸು. ಮೂವತ್ತು ಡಿಗ್ರಿ ದಾಟಿದ ಇಳಿಜಾರನ್ನು ನಂಬಬೇಡಿ, ಗಾಳಿ ತಂದು ಸುರಿದ ಹಿಮವನ್ನು ನಂಬಬೇಡಿ, ಕೆಳಗೆ ಕೊರಕಲಿದ್ದರೆ ಇನ್ನೂ ನಂಬಬೇಡಿ, ಕುಸಿದ ಹಿಮವೆಲ್ಲ ಅಲ್ಲೇ ಬಂದು ತುಂಬಿಕೊಳ್ಳುತ್ತದೆ ಅಂತ ಕಲಿಸಿದಳು. ಕೊನೆಯ ದಿನ ಒಂದು ನಿಯಮ ಹೇಳಿದಳು. ಇಳಿಯುವ ಮುಂಚೆ ಪ್ರತಿಯೊಬ್ಬರನ್ನೂ ಕೇಳಬೇಕು. ಒಬ್ಬರು ‘ಬೇಡ’ ಅಂದರೆ ಎಲ್ಲರೂ ವಾಪಸ್. ಕಾರಣ ಕೇಳುವ ಹಾಗಿಲ್ಲ, ಒತ್ತಾಯ ಮಾಡುವ ಹಾಗಿಲ್ಲ. ಇವರು ಬಹಳ ಗಂಭೀರವಾಗಿ ತಲೆದೂಗಿದರು. ನಮ್ಮ ಮನೆಯ ಊಟದ ಪಂಕ್ತಿಯನ್ನು ಈಕೆಗೊಮ್ಮೆ ತೋರಿಸಬೇಕಿತ್ತು ಅನ್ನಿಸಿ ನನಗೆ ನಗು ತಡೆಯಲಾಗಲಿಲ್ಲ.

ಹಿಮದಡಿ ಹೂತುಹೋದವರನ್ನು ಹುಡುಕುವುದಕ್ಕೆ ಎಲ್ಲರೂ ಎದೆಗೆ ಬೀಕನ್ ಕಟ್ಟಿಕೊಳ್ಳಬೇಕು. ಹೂತವರ ಬೀಕನ್ ಸಿಗ್ನಲ್ ಕಳಿಸುತ್ತಿರುತ್ತದೆ, ಹುಡುಕುವವರ ಬೀಕನ್ ಅದು ಎಷ್ಟು ದೂರವಿದೆ ಅಂತ ತೋರಿಸುತ್ತದೆ. ಅಭ್ಯಾಸ ಮಾಡಲು ನಮ್ಮೂರಿನಲ್ಲಿ ಹಿಮ ಎಲ್ಲಿ? ವಸಂತದಲ್ಲಿ ಗಿಡದ ಬುಡಕ್ಕೆ ಹಾಕಲು ಮಲ್ಚ್ ತರಿಸುತ್ತೇವಲ್ಲ, ಆ ಮರದ ಪುಡಿಯ ಗುಡ್ಡೆಯೇ ನಮ್ಮ ಹಿಮಾಲಯ. ಲಾರಿಯವನು ಡ್ರೈವ್‌ವೇಯಲ್ಲಿ ಸುರಿದು ಹೋದ ಗುಡ್ಡೆಯಲ್ಲಿ ಒಂದು ಬೀಕನ್ ಹೂತಿಡು, ನಾನು ಹುಡುಕ್ತೀನಿ ಅಂತ ಇವರು ಬೆನ್ನು ತಿರುಗಿಸಿ ನಿಂತರು. ಅದನ್ನು ಹೂಳುವ ಬದಲು ಮೆಲ್ಲಗೆ ಇವರ ಜಾಕೆಟ್ಟಿನ ಟೋಪಿಯೊಳಗೇ ಇಳಿಬಿಟ್ಟೆ. ಆಮೇಲೆ ಗುಡ್ಡೆಯ ಯಾವ ಮೂಲೆಗೆ ಹೋದರೂ ಇವರ ಕೈಯಲ್ಲಿದ್ದ ಯಂತ್ರ ಇಲ್ಲೇ ಇದೆ, ಇಲ್ಲೇ ಇದೆ ಅನ್ನುತ್ತಿತ್ತು. ನಿಂತಲ್ಲೆಲ್ಲ ಅಗೆದರು. ಪಕ್ಕದ ಮನೆಯ ಅಮೆರಿಕನ್ ಅಜ್ಜ ಹತ್ತಿರ ಬಂದು ಟೋಪಿ ತೆಗೆದು, ನಿಮ್ಮ ನಾಯಿ ಏನಾದರೂ ತೀರಿಕೊಂಡಿತೇ ಅಂತ ಮೆಲುದನಿಯಲ್ಲಿ ಕೇಳಿದರು. ನಮ್ಮ ಮನೆಯಲ್ಲಿ ನಾಯಿಯೇ ಇಲ್ಲ. ನಾನು ಗ್ಯಾರೇಜಿನೊಳಗೆ ಹೋಗಿ ಹೊಟ್ಟೆ ಹಿಡಿದುಕೊಂಡು ನಕ್ಕೆ.

ಇವರು ಸೇಡು ತೀರಿಸಿಕೊಂಡರು. ನನ್ನ ಸರದಿಗೆ ಬೀಕನ್ ಅನ್ನು ಗುಡ್ಡೆಯ ತಳದಲ್ಲಿ ಹೂತು, ಕುರ್ಚಿ ಹಾಕಿಕೊಂಡು ಕಾಫಿ ಹೀರುತ್ತ ಕೂತರು. ಕಾಲು ಗಂಟೆ ದಾಟಿದರೆ ಹಿಮದಡಿ ಇರುವವರ ಆಸೆ ಬಿಡಬೇಕು ಅಂತ ಆ ಕೆಂಪು ಮೂಗಿನಾಕೆ ಕಲಿಸಿದ್ದಳು. ನಾನು ಉದ್ದನೆಯ ಕಡ್ಡಿ ಚುಚ್ಚಿ ಚುಚ್ಚಿ, ಅಗೆದು ಅಗೆದು, ಉಗುರೊಳಗೆಲ್ಲ ಮಲ್ಚ್ ತುಂಬಿಕೊಂಡು ಕೊನೆಗೆ ಹೊರಗೆ ತೆಗೆಯುವಷ್ಟರಲ್ಲಿ ಇವರ ಲೋಟ ಖಾಲಿಯಾಗಿತ್ತು.

“ಬಿಡು, ನಾನು ಹೋಗಿ, ನನ್ನ ತಿಥಿ ಊಟಾನೂ ಮುಗೀತು,” ಅಂದರು. “ವಡೆ ಚೆನ್ನಾಗಿತ್ತಾ?”

ನಾನು ಒಂದು ಬೊಗಸೆ ಮಲ್ಚ್ ಎತ್ತಿ ಇವರ ತಲೆಯ ಮೇಲೆ ಸುರಿದೆ. ಅವತ್ತು ಅದು ಬರೀ ತಮಾಷೆಯಾಗಿತ್ತು.

ಮುಂದಿನ ಚಳಿಗಾಲದ ಕೊನೆಗೆ ನಾಲ್ವರೂ ಐಡಾಹೋಕ್ಕೆ ಹೋದೆವು. ರಸ್ತೆ ಮುಗಿದಲ್ಲಿಂದ ದಿನವಿಡೀ ಸ್ಕೀ ಮೇಲೆ ನಡೆದರೆ ಒಂದು ಮರದ ಗುಡಿಸಲು, ಒಳಗೆ ಒಲೆ, ಮಲಗಲು ನಾಲ್ಕು ಹಲಗೆ. ಗೆಳೆಯನ ಹೆಂಡತಿ ಬೆನ್ನಿಗೆ ಹೊತ್ತು ತಂದಿದ್ದ ಪುಳಿಯೋಗರೆ ಗೊಜ್ಜು, ನಾನು ತಂದಿದ್ದ ಅವಲಕ್ಕಿ. ನಾವು ತಲುಪಿದ ರಾತ್ರಿಯೇ ಹೊಸ ಹಿಮ ಬಿತ್ತು, ಜೊತೆಗೆ ಗಾಳಿ ಬೀಸಿತು. ಬೆಳಿಗ್ಗೆ ಎದ್ದರೆ ಆಕಾಶ ತೊಳೆದಿಟ್ಟಂತಿತ್ತು. ಇವರ ಮುಖ ನೋಡಬೇಕಿತ್ತು, ಮದುವೆಯ ದಿನವೂ ಅಷ್ಟು ಹೊಳೆದಿರಲಿಲ್ಲ.

ಹತ್ತುವ ದಾರಿಯಲ್ಲೇ ಲಕ್ಷಣ ಸರಿಯಿರಲಿಲ್ಲ. ಪಾಠದಂತೆ ಒಂದು ಗುಂಡಿ ತೋಡಿ ನೋಡಿದೆವು. ಮೇಲೆ ಗಟ್ಟಿ ಪದರ, ಅದರ ಕೆಳಗೆ ಸಕ್ಕರೆಯಂಥ ಸಡಿಲ ಹರಳು. ಸಲಿಕೆಯಿಂದ ಮೆಲ್ಲಗೆ ತಟ್ಟಿದ್ದಕ್ಕೇ ಮೇಲಿನ ಪದರ ಜಾರಿ ಗೆಳೆಯನ ಮಡಿಲಿಗೆ ಬಂತು. ಗೆಳೆಯ ‘ಇಂಟರೆಸ್ಟಿಂಗ್’ ಅಂದರು. ನಮ್ಮ ಆಫೀಸುಗಳಲ್ಲಿ ಆ ಮಾತಿಗೆ ‘ಕೆಟ್ಟೆವು’ ಅಂತ ಅರ್ಥ. ಗುಂಡಿ ಮುಚ್ಚಿ ಎಲ್ಲರೂ ಮತ್ತೆ ಸ್ಕೀ ಹಾಕಿಕೊಂಡರು. ಇನ್ನೊಂದಷ್ಟು ಹತ್ತಿದ ಮೇಲೆ ನನ್ನ ಸ್ಕೀ ತುದಿಯಿಂದ ಒಂದು ಬಿರುಕು ಹೊರಟು ಸರ್ರನೆ ಮುಂದಕ್ಕೆ ಓಡಿತು. ಅದನ್ನೂ ಎಲ್ಲರೂ ನೋಡಿದರು, ಎಲ್ಲರೂ ಹತ್ತುತ್ತಲೇ ಇದ್ದರು.

ನೆತ್ತಿಗೆ ಬಂದು ನಿಂತಾಗ ಕೆಳಗೆ ವಾಲ್‌ಪೇಪರಿನ ಅದೇ ಇಳಿಜಾರು. ಒಂದು ಗೀರೂ ಇಲ್ಲದ ಬಿಳುಪು, ಗಾಳಿ ತಂದು ತುಂಬಿದ ಉಬ್ಬು, ತಳದಲ್ಲಿ ಕಿರಿದಾದ ಕೊರಕಲು. ಚೆಂದ ಅಂದರೆ ಚೆಂದ, ಸುಳ್ಳು ಹೇಳಬಾರದು. ಆದರೆ ಆ ಕೊರಕಲನ್ನು ನೋಡಿದ್ದೇ ನನಗೆ ಡ್ರೈವ್‌ವೇಯ ಗುಡ್ಡೆ ನೆನಪಾಯಿತು. ಒಂದು ಲಾರಿ ಮಲ್ಚಿನಲ್ಲಿ ಬೀಕನ್ ಹುಡುಕಲು ನನಗೆ ಒಂದು ಲೋಟ ಕಾಫಿ ಮುಗಿಯುವಷ್ಟು ಹೊತ್ತು ಬೇಕಾಗಿತ್ತು. ಇಲ್ಲಿ ಇವರೇ ಕೆಳಗೆ ಸಿಕ್ಕಿಕೊಂಡರೆ?

ಇವರು ನಿಯಮದ ಪ್ರಕಾರ ಒಬ್ಬೊಬ್ಬರನ್ನೇ ಕೇಳಿದರು. ನೀನು ಹೇಗೆ ಹೇಳ್ತೀಯೋ ಹಾಗೆ ಮಗಾ ಅಂದರು ಗೆಳೆಯ. ನಂದೇನಿಲ್ಲ, ಎಲ್ಲರೂ ಹೋದರೆ ನಾನೂ ಬರ್ತೀನಿ ಅಂದರು ಅವರ ಹೆಂಡತಿ. ನನ್ನ ಸರದಿ ಬಂತು.

“ನಂಗೆ ಬೇಡ,” ಅಂದೆ.

“ಅಯ್ಯೋ, ಇಷ್ಟು ದೂರ ಬಂದು ಬೇಡ ಅಂದ್ರೆ ಹೇಗೆ? ಒಂದೇ ಒಂದು ರನ್.”

ಅದೇ ದನಿ! ಹೋಳಿಗೆ ತಟ್ಟೆ ಹಿಡಿದಾಗಿನ ಅದೇ ನಯ, ಕತ್ತಿನ ಅದೇ ಓರೆ. ನನಗೆ ಮೈಯೆಲ್ಲ ಉರಿಯಿತು. ಬೇಡ ಅಂದೆನಲ್ಲ ಅಂತ ಇನ್ನೊಮ್ಮೆ ಹೇಳಿದೆ. ಹೆದರ್ಕೋಬೇಡ, ಮೊದಲು ನಾನು ಇಳೀತೀನಿ, ಆಮೇಲೆ ನೀನು ಬಾ, ನನ್ನ ಸಂತೋಷಕ್ಕೆ ಅಂದರು. ಕಮ್ಮಿಂಗ್‌ನವರೂ ಸೇರಿಕೊಂಡರು. ಬನ್ನಿ ಭಾಭಿ, ನಾವೆಲ್ಲ ಇದ್ದೀವಲ್ಲ, ನೀವು ಬರದಿದ್ರೆ ನಮಗೂ ಚೆನ್ನಾಗಿರಲ್ಲ. ಎಲೆಯ ಮುಂದೆ ಮೂರು ಜನ ತಟ್ಟೆ ಹಿಡಿದು ನಿಂತ ಹಾಗಾಯಿತು. ಇವರು ಆಗಲೇ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಿದ್ದರು.

ನಾನು ಸ್ಕೀ ಬಿಚ್ಚಿದೆ. ಇವರು ಹೊರಡಬೇಕಾಗಿದ್ದ ಜಾಗಕ್ಕೇ ಅಡ್ಡಲಾಗಿ, ಗಟ್ಟಿ ನೆಲ ನೋಡಿಕೊಂಡು, ಇವರ ಸ್ಕೀ ತುದಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತೆ. ಕೈಗವಸು ಹಾಕಿದ ಎರಡೂ ಕೈಯನ್ನು ಅಗಲಿಸಿ ಮುಂದಿನ ಹಿಮದ ಮೇಲಿಟ್ಟೆ, ಬೆನ್ನು ಬಗ್ಗಿಸಿ ಅದರ ಮೇಲೆ ಕವುಚಿಕೊಂಡೆ.

“ಬೇಡ,” ಅಂದೆ. “ನಂಗೆ ನಿಮ್ಮನ್ನ ಅಗೆದು ತೆಗೆಯೋಕೆ ಬರಲ್ಲ ಕಣ್ರೀ.”

ಗೆಳೆಯನ ಹೆಂಡತಿ ಕಿಸಕ್ಕನೆ ನಕ್ಕರು. ನಾನು ಎಲೆ ಮುಚ್ಚಿಕೊಂಡು ಕೂತಿದ್ದೇನೆ ಅಂತ ಅವರಿಗೆ ಹೊಳೆದಿತ್ತು. ಇವರಿಗೂ ಹೊಳೆಯಿತು. ಈ ಭಂಗಿಯ ಮುಂದೆ ಮಾತ್ರ ಇವರು ಜೀವಮಾನದಲ್ಲಿ ಸೋತವರು. ಹೆಲ್ಮೆಟ್ಟಿನ ಪಟ್ಟಿ ಸಡಿಲಿಸಿ, ಸರಿ, ಏಳು, ಕೆಳಗೆ ಒದ್ದೆಯಾಗುತ್ತೆ ಅಂದರು.

ಹತ್ತಿದ ದಾರಿಯಲ್ಲೇ ಇಳಿದೆವು. ಗುಡಿಸಲು ಹತ್ತಿರವಾದಾಗ ಹಿಂದೆ ಎಲ್ಲೋ ಕೇಕೆ ಕೇಳಿತು. ತಿರುಗಿ ನೋಡಿದರೆ ಯಾರೋ ಇಬ್ಬರು ಅದೇ ಇಳಿಜಾರನ್ನು ಹಾವಿನಂತೆ ಬಳಕುತ್ತ ಇಳಿಯುತ್ತಿದ್ದಾರೆ. ಏನೂ ಕುಸಿಯಲಿಲ್ಲ. ತಳಕ್ಕೆ ಬಂದು ಕೈ ಎತ್ತಿ ಕುಣಿದರು. ಕುಸಿಯದೇ ಇದ್ದದ್ದು ಅವರ ಅದೃಷ್ಟ, ನಿಮ್ಮ ತಪ್ಪಲ್ಲ ಅಂತ ಆ ಕೆಂಪು ಮೂಗಿನಾಕೆ ಹೇಳುತ್ತಿದ್ದಳೇನೋ. ಅವಳು ಅಲ್ಲಿರಲಿಲ್ಲ. ಇವರು ನನ್ನ ಕಡೆ ನೋಡಿದ ನೋಟದಲ್ಲಿ ಇನ್ನು ಇಪ್ಪತ್ತು ವರ್ಷ ಕೇಳಬೇಕಾದ ಕೊಂಕೆಲ್ಲ ಇತ್ತು.

ಒಲೆಯ ಮೇಲೆ ಹಿಮ ಕರಗಿಸಿ ಟೀ ಮಾಡಿದೆವು. ಗೆಳೆಯನ ಹೆಂಡತಿ ಲೋಟದೊಳಗೇ ನೋಡುತ್ತ, ಆ ಗುಂಡಿ ತೋಡಿದಾಗಲೇ ನಂಗೆ ವಾಪಸ್ ಹೋಗೋಣ ಅನ್ನಿಸಿತ್ತು, ಭಯ್ಯಾ ಇಷ್ಟು ಆಸೆ ಇಟ್ಕೊಂಡಿದ್ರಲ್ಲ, ಬಾಯಿ ಬರಲಿಲ್ಲ ಅಂದರು. ಗೆಳೆಯ ಕತ್ತು ತುರಿಸಿಕೊಂಡು, ನಂಗೂ ಹಾಗೇ ಆಗಿತ್ತು ಮಗಾ, ನೀನು ಬೇಜಾರು ಮಾಡ್ಕೋತೀಯ ಅಂತ ಸುಮ್ಮನಿದ್ದೆ ಅಂದರು. ಮೂವರೂ ಇವರ ಕಡೆ ನೋಡಿದೆವು. ಇವರು ಒಲೆಗೆ ಇನ್ನೊಂದು ಸೌದೆ ಒಡ್ಡಿದರು.

“ಆ ಬಿರುಕು ನೋಡಿದಾಗ್ಲೇ ನನ್ನ ಜೀವ ಹೋಗಿತ್ತು,” ಅಂದರು. “ಆದ್ರೆ ನಿಮ್ಮನ್ನೆಲ್ಲ ಇಷ್ಟು ದೂರ ಕರ್ಕೊಂಡು ಬಂದವನು ನಾನು. ನಾನೇ ಬೇಡ ಅಂದ್ರೆ ನಿಮಗೆ ಬೇಜಾರಾಗಲ್ವಾ?”

ನನಗೆ ನಗು ಬಂತು, ಹಿಂದೆಯೇ ಅಳುವೂ ಬಂತು. ನಾಲ್ವರಿಗೂ ಬೇಡವಾದ ಹೋಳಿಗೆಯನ್ನು ನಾಲ್ವರೂ ಒಬ್ಬರಿಗೊಬ್ಬರು ಬಡಿಸಿಕೊಳ್ಳುತ್ತ ಸಾಯಲು ಹೊರಟಿದ್ದೆವು! ಬರೀ ಉಪಚಾರಕ್ಕೆ. ಬಾಯಿಗೆ ಬಂದ ಹಾಗೆ ಬೈದೆ, ಮೂವರನ್ನೂ ಸೇರಿಸಿ ಬೈದೆ. ಇವರು ತಲೆ ತಗ್ಗಿಸಿಕೊಂಡು ಕೇಳಿಸಿಕೊಂಡರು. ವಾಪಸ್ ಬರುವಾಗ ಏರ್‌ಪೋರ್ಟಿನಲ್ಲಿ ನೋಡಿದರೆ ಇವರ ಫೋನಿನಲ್ಲಿ ಇಳಿಜಾರಿನ ಜಾಗಕ್ಕೆ ನಾನು ಬಂದಿದ್ದೆ, ಹಿಮದಲ್ಲಿ ಕವುಚಿ ಕೂತ ನನ್ನ ಬೆನ್ನು. ಗೆಳೆಯ ಹಿಂದಿನಿಂದ ತೆಗೆದ ಫೋಟೋ ಅಂತೆ. ಮುಖ ಕಾಣುವ ಫೋಟೋ ಯಾವುದೂ ಸಿಗಲಿಲ್ಲವೇ ಅಂತ ಕೇಳಿದೆ, ಫೋನನ್ನು ಜೇಬಿಗೆ ಇಳಿಬಿಟ್ಟರು.

ಕೆಲವೇ ದಿನಕ್ಕೆ ಯುಗಾದಿ. ಮಾಮೂಲಿನಂತೆ ನಮ್ಮ ಮನೆಯಲ್ಲೇ ಊಟ, ಗ್ಯಾರೇಜಿನಲ್ಲಿ ಉದ್ದ ಮೇಜು, ಇಂಡಿಯನ್ ಅಂಗಡಿಯಿಂದ ತಂದ ಬಾಳೆಲೆ. ಇವರು ತಟ್ಟೆ ಹಿಡಿದು ಹೊರಟರು. ಮೊದಲ ಎಲೆ, ಷಾರ್ಲೆಟ್‌ನಿಂದ ಬಂದಿದ್ದ ಒಬ್ಬ ಅಂಕಲ್‌ದು. ಇವರ ಕೈಯಲ್ಲಿ ಬೇಡ ಬೇಡ ಅನ್ನುತ್ತ ಪ್ರತಿ ವರ್ಷ ನಾಲ್ಕು ಹೋಳಿಗೆ ಬಾರಿಸುವವರು. ಅಂಕಲ್ ರಾಗವಾಗಿ ಬೇಡಪ್ಪಾ ಅಂದರು. ಇವರು ಸರಿ ಅಂಕಲ್ ಅಂದು ಮುಂದೆ ಹೋದರು. ಅಂಕಲ್ಲಿನ ಕಣ್ಣು ತಟ್ಟೆಯ ಹಿಂದೆಯೇ ಮೇಜಿನ ಕೊನೆಯವರೆಗೂ ಹೋಯಿತು. ಇವನಿಗೆ ಮೈ ಹುಷಾರಿಲ್ವೇನಮ್ಮ ಅಂತ ನನ್ನನ್ನು ಪಿಸುದನಿಯಲ್ಲಿ ಕೇಳಿದರು. ಅವತ್ತು ಆ ಪಂಕ್ತಿಯಲ್ಲಿ ಅರ್ಧ ಜನ ಹೋಳಿಗೆಯಿಲ್ಲದೆ ಮುಖ ಊದಿಸಿಕೊಂಡು ಎದ್ದರು.

ಕೊನೆಯ ಪಂಕ್ತಿಗೆ ನಾನು ಕೂತೆ. ಬೆಳಗಿನ ಜಾವದಿಂದ ಹೂರಣ ರುಬ್ಬಿ, ಲಟ್ಟಿಸಿ, ಬೇಯಿಸಿದವಳು ನಾನೇ, ಹೊಟ್ಟೆ ಹಸಿದಿತ್ತು. ಮೊದಲನೆಯ ಹೋಳಿಗೆ ಮುಗಿಯುತ್ತಲೇ ಇವರು ತಟ್ಟೆ ಹಿಡಿದು ಎದುರಿಗೆ ಬಂದು ನಿಂತರು. ಹುಟ್ಟಿದಂದಿನಿಂದ ಬಂದ ಅಭ್ಯಾಸ, ಬಾಯಿ ತಾನೇ ತೆರೆಯಿತು, ಬೇಡ ಅಂದೆ. ಇವರು ನನ್ನ ಮುಖವನ್ನು ಒಮ್ಮೆ ಸರಿಯಾಗಿ ನೋಡಿದರು. ಕತ್ತು ಓರೆ ಮಾಡಲಿಲ್ಲ, ಒಂದೇ ಒಂದು ಅನ್ನಲಿಲ್ಲ. ಸರಿ ಅಂತ ತಲೆಯಾಡಿಸಿ ತಟ್ಟೆ ತೆಗೆದುಕೊಂಡು ಪಕ್ಕದ ಎಲೆಗೆ ಹೋದರು.

ಇಷ್ಟು ವರ್ಷಕ್ಕೆ ಮೊದಲ ಬಾರಿ ನನ್ನ ಮೊದಲನೆಯ ‘ಬೇಡ’ಕ್ಕೇ ಇವರು ನಿಂತಿದ್ದರು. ಕಣ್ಣು ತುಂಬಿ ಬಂತು. ಆದರೆ ಆ ಹೋಳಿಗೆ ನನಗೆ ಬೇಕಿತ್ತು.